ಅರ್ಧಕ್ಕೆ ಬಾರದ ಲೆಕ್ಕ

ಪ್ರಶ್ನೆಪತ್ರಿಕೆ ತೆಗೆಯುವಾಗ ಪದ್ಮಲತಾಗೆ ಒಂದು ಚಾಳಿ. ಮೊದಲು ಉತ್ತರ ಬರೆದುಕೊಳ್ಳುವುದು, ಆಮೇಲೆ ಆ ಉತ್ತರಕ್ಕೆ ಅಳತೆ ತೆಗೆದು ಪ್ರಶ್ನೆ ಹೊಲಿಯುವುದು. ಅವಳೊಬ್ಬಳನ್ನೇ ಬಯ್ದು ಪ್ರಯೋಜನವಿಲ್ಲ, ಆಂಧ್ರದ ಹಿಂದೂಪುರದ ಆ ಹೆಣ್ಣುಮಕ್ಕಳ ಹಾಸ್ಟೆಲ್ ಕಾಲೇಜಿನಲ್ಲಿ ಗಣಿತದವರೆಲ್ಲ ಮಾಡುವುದು ಅದನ್ನೇ. ಗೈಡಿನಲ್ಲಿದ್ದ ಲೆಕ್ಕವನ್ನು ಇದ್ದಂತೆ ಕೊಟ್ಟರೆ ಹುಡುಗಿಯರು ಗಿಣಿಗಳ ಹಾಗೆ ಒಪ್ಪಿಸಿಬಿಡುತ್ತಾರೆ. ಹೊಸದಾಗಿ ಕೊಟ್ಟು ಉತ್ತರ ಸೊಟ್ಟಗೆ ಬಂದರೆ ಇನ್ನೂರು ಪೇಪರು ತಿದ್ದುವವಳ ಗತಿಯೇನು? ಹಿಂದಿನಿಂದ ಮುಂದಕ್ಕೆ ಬರುವುದೇ ಸುಲಭ.

ಸೆಕೆಂಡ್ ಇಂಟರಿನ, ಅಂದರೆ ನಮ್ಮ ಎರಡನೇ ಪಿಯುಸಿಯ, ಪ್ರೀಫೈನಲ್ ಪರೀಕ್ಷೆಗೆ, ಬೈನಾಮಿಯಲ್ ಪಾಠದ ಏಳು ಮಾರ್ಕಿನ ಪ್ರಶ್ನೆಗೆ ಅವಳು ಆರಿಸಿಕೊಂಡ ಉತ್ತರ ಅರ್ಧ. ನಾಲ್ಕರ ವರ್ಗಮೂಲ ಎರಡು, ಅದನ್ನು ತಲೆಕೆಳಗು ಮಾಡಿದರೆ ಅರ್ಧ. ನಾಲ್ಕು ಅಂದರೆ ಒಂದು ಕೂಡು ಮೂರು. ಸರಿ, ಒಂದು ಕೂಡು ಎಕ್ಸ್ ಎಂಬ ಸೂತ್ರದಲ್ಲಿ ಎಕ್ಸ್ ಜಾಗಕ್ಕೆ ಮೂರನ್ನು ಕೂರಿಸಿ, ಪದಪದವಾಗಿ ಬಿಡಿಸಿ, ನಾಲ್ಕು ಪದ ಬರೆದು, ಮುಂದಕ್ಕೆ ಮೂರು ಚುಕ್ಕಿ ಇಟ್ಟು, ‘ಈ ಅನಂತ ಶ್ರೇಣಿಯ ಮೊತ್ತ ಕಂಡುಹಿಡಿಯಿರಿ’ ಅಂದಳು. ಹುಡುಗಿಯರಿಗೆ ಕೆಲಸ ಇಷ್ಟೇ: ಶ್ರೇಣಿಯನ್ನು ಸೂತ್ರದ ಪಕ್ಕಕ್ಕೆ ಹಿಡಿದು ಹೋಲಿಸಿ ನೋಡು, ಎಕ್ಸ್ ಎಷ್ಟು ಅಂತ ಹಿಡಿ, ಮಡಚು, ಅರ್ಧ ಅಂತ ಬರೆ, ಕೆಳಗೆ ಗೆರೆ ಎಳೆ.

ಆ ಸೂತ್ರದ ಕೆಳಗೆ ಪುಸ್ತಕದಲ್ಲಿ ಇನ್ನೊಂದು ಸಣ್ಣ ಸಾಲು ಇರುತ್ತದೆ. ಎಕ್ಸ್ ಅನ್ನುವುದು ಮೈನಸ್ ಒಂದಕ್ಕೂ ಒಂದಕ್ಕೂ ನಡುವೆ ಇದ್ದರೆ ಮಾತ್ರ ಈ ಬಿಡಿಸುವಾಟ ನಡೆಯುತ್ತದೆ ಅಂತ. ಆ ಗಡಿಯೊಳಗೆ ಪದಗಳು ಸಣ್ಣಗಾಗುತ್ತಾ ಹೋಗಿ ಮೊತ್ತ ಒಂದು ಕಡೆ ನೆಲೆ ನಿಲ್ಲುತ್ತದೆ, ಗಡಿ ದಾಟಿದರೆ ಯಾವ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಪದ್ಮಲತಾ ಆ ಸಾಲನ್ನು ಎಂಟು ವರ್ಷದಿಂದ ಪಾಠ ಮಾಡಿದ್ದಳು. ಬೋರ್ಡಿನ ಮೇಲೆ ಬರೆದು ಕೆಳಗೆ ಗೀಟು ಕೂಡ ಹಾಕುತ್ತಿದ್ದಳು. ಆದರೆ ಗೈಡಿನ ಲೆಕ್ಕಗಳೆಲ್ಲ ಮೊದಲೇ ಗಡಿಯೊಳಗೆ ಇರುವಂಥವು, ಯಾರೂ ಯಾವತ್ತೂ ಅದನ್ನು ನೋಡಬೇಕಾಗಿ ಬಂದಿರಲಿಲ್ಲ. ಮೂರು ಒಂದಕ್ಕಿಂತ ದೊಡ್ಡದು ಅಂತ ಅಂಗನವಾಡಿ ಮಗುವಿಗೂ ಗೊತ್ತು. ನಮ್ಮ ಮೇಡಮ್ಮಿಗೆ ಅವತ್ತು ಹೊಳೆಯಲಿಲ್ಲ.

ಪರೀಕ್ಷೆ ಮುಗಿದ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕಲ್ಪನಾ, ಕಲ್ಯಾಣದುರ್ಗದವಳು. ಮೊದಲನೇ ಸೆಕ್ಷನ್ನಿನ ಹಿಂದಿನ ಬೆಂಚು, ಕೇಳಿದರೆ ಮಾತ್ರ ಮಾತಾಡುವ ಜಾತಿ.

"ಮೇಡಮ್, ಆ ಏಳು ಮಾರ್ಕಿನದು... ಮೊತ್ತ ಬತ್ತಿಲ್ಲ ಮೇಡಮ್."

ಪದ್ಮಲತಾ ತಲೆ ಎತ್ತಲಿಲ್ಲ. ಎದುರಿಗೆ ಪೇಪರುಗಳ ಗುಡ್ಡೆ, ಆರಿಹೋದ ಟೀ. "ಹೋಲಿಸಿ ಬರೆಯೋಕೆ ಏನಮ್ಮ ಕಷ್ಟ ನಿಂಗೆ? ಅಷ್ಟು ಜನಕ್ಕೂ ಬಂದೈತೆ. ನಿನ್ನೊಬ್ಬಳಿಗೆ ಬರಲಿಲ್ಲ ಅಂದ್ರೆ ತಪ್ಪು ಎಲ್ಲೈತೆ ನೀನೇ ನೋಡ್ಕೊ."

ಹುಡುಗಿ "ಸರಿ ಮೇಡಮ್" ಅಂತ ಹೋದಳು.

ಏಳಕ್ಕೆ ಸೊನ್ನೆ ಬಿತ್ತು. ಆ ಏಳು ಮಾರ್ಕಿಗೆ ಕಲ್ಪನಾ ಮೊದಲನೇ ಸೆಕ್ಷನ್ನಿನಿಂದ ಜಾರಿದಳು. ಜಾರುವುದು ಅಂದರೆ ಆ ಕಾಲೇಜಿನಲ್ಲಿ ಸುಮ್ಮನೆ ಮಾತಲ್ಲ. ಮೊದಲನೇ ಸೆಕ್ಷನ್ನಿನವರಿಗೆ ಮಹಡಿಯ ರೂಮು, ಉಳಿದವರೆಲ್ಲ ಕೆಳಗಿನ ದೊಡ್ಡ ಹಾಲ್‌ನಲ್ಲಿ. ಜಾರಿದವಳು ಭಾನುವಾರ ಬೆಳಿಗ್ಗೆ, ಎಲ್ಲರೂ ತಟ್ಟೆ ಹಿಡಿದು ತಿಂಡಿಗೆ ನಿಂತಿರುವಾಗ, ತನ್ನ ಪೆಟ್ಟಿಗೆ ತಾನೇ ಎತ್ತಿಕೊಂಡು ಮೆಟ್ಟಿಲಿಳಿದು ಬರಬೇಕು. ಮಕ್ಕಳಿಗೆ ಹಟ ಹುಟ್ಟಲಿ ಅಂತ ಪ್ರಿನ್ಸಿಪಾಲ್ ಮುರಳೀಕೃಷ್ಣ ಮಾಡಿದ ಏರ್ಪಾಡು. ಹುಡುಗಿಯರು ಅದಕ್ಕೆ ಪೆಟ್ಟಿಗೆ ಇಳಿಯೋದು ಅಂತ ಹೆಸರಿಟ್ಟಿದ್ದರು. ಕಲ್ಪನಾಳ ಪೆಟ್ಟಿಗೆ ಆ ಭಾನುವಾರ ಇಳಿಯಿತು.

ಸೋಮವಾರ ಮೊದಲನೇ ಪೀರಿಯಡ್ಡಿನಲ್ಲಿ ಪದ್ಮಲತಾ ಪ್ರಶ್ನೆಪತ್ರಿಕೆ ಬಿಡಿಸಿ ಹೇಳಲು ನಿಂತಳು. ಆ ಲೆಕ್ಕ ಬಂತು, ಹೋಲಿಸಿದ್ದಾಯಿತು, ಅರ್ಧ ಅಂತ ಬರೆದು ಗೀಟು ಹಾಕಿದ್ದಾಯಿತು. ಮುಂದಿನ ಬೆಂಚಿನವಳೊಬ್ಬಳು ಎದ್ದು, "ಮೇಡಮ್, ಒಂದ್ಸಲ ಕೂಡಿ ತೋರಿಸಿ, ಅರ್ಧದತ್ರಕ್ಕೆ ಹೆಂಗೆ ಬತ್ತದೆ ನೋಡೋಣ" ಅಂದಳು. ಅದಕ್ಕೇನಂತೆ ಅಂತ ಪದ್ಮಲತಾ ಸೀಮೆಸುಣ್ಣ ತಗೊಂಡಳು.

ಮೊದಲನೇ ಪದ ಒಂದು. ಅದರಿಂದ ಒಂದೂವರೆ ಕಳೆ. ಅದಕ್ಕೆ ಮೂರು ಚಿಲ್ಲರೆ ಕೂಡು. ಎಂಟೂವರೆಯ ಹತ್ತಿರ ಕಳೆ. ಇಪ್ಪತ್ತೆರಡು ಚಿಲ್ಲರೆ ಕೂಡು. ಐದನೇ ಪದ ಬರೆಯುವಾಗಲೇ ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತುಹೋಯಿತು. ಮೊತ್ತ ಅರ್ಧದ ಕಡೆಗೆ ಹೋಗುತ್ತಿರಲಿಲ್ಲ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ, ಪ್ರತಿ ಸಲವೂ ಹಿಂದಿಗಿಂತ ದೂರ. ಆಗ ಅವಳಿಗೆ ಎಕ್ಸ್ ಎಷ್ಟು ಅಂತ ಕಾಣಿಸಿತು. ಬೆನ್ನ ಹಿಂದೆ ಅರವತ್ತು ಜೊತೆ ಕಣ್ಣು. ತಿರುಗಿ ನೋಡುವ ಧೈರ್ಯ ಬರಲಿಲ್ಲ. "ಇದು ಪರೀಕ್ಷೆಗೆ ಬರಲ್ಲ" ಅಂತ ಗೊಣಗಿ, ಡಸ್ಟರಿನಿಂದ ಸರಸರ ಒರೆಸಿದಳು.

ಒರೆಸಿಯಾದ ಮೇಲೆ ಮೊದಲು ನೆನಪಾದದ್ದು ಬಾಗಿಲಲ್ಲಿ ನಿಂತ ಹುಡುಗಿ. ಮೊತ್ತ ಬತ್ತಿಲ್ಲ ಮೇಡಮ್. ಸರಿಯಾಗೇ ಹೇಳಿದ್ದಳಲ್ಲ! ಬೆಲ್ಲು ಹೊಡೆದ ತಕ್ಷಣ ಪದ್ಮಲತಾ ಎರಡನೇ ಸೆಕ್ಷನ್ನಿಗೆ ಹೋಗಿ ಇಣುಕಿದಳು. ಕಲ್ಪನಾ ಇರಲಿಲ್ಲ. ಕೆಳಗಿನ ಹಾಲಿನಲ್ಲೂ ಇರಲಿಲ್ಲ. ವಾರ್ಡನ್ ರಮಾದೇವಿ ಅವಳನ್ನು ಮೆಟ್ಟಿಲ ಸಂದಿಗೆ ಎಳೆದುಕೊಂಡು ಹೋದಳು.

"ನಿನ್ನೆ ಮಧ್ಯಾಹ್ನ ಮಾಮ ಬಂದವ್ರೆ, ಗೇಟತ್ರ ಮಾತಾಡ್ಸಿ ಬತ್ತೀನಿ ಅಂತ ಹೋದ್ಲು ಮೇಡಮ್. ವಾಪಸ್ಸು ಬರಲಿಲ್ಲ. ಯಾವ ಮಾಮಾನೂ ಬಂದಿಲ್ಲವಂತೆ, ವಾಚ್‌ಮನ್ ಹೇಳ್ತಾನೆ. ಅವರಮ್ಮನಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು, ಎತ್ತಲ್ಲ. ಪ್ರಿನ್ಸಿಪಾಲ್ ಸಾರು ಯಾರಿಗೂ ಉಸಿರೆತ್ತಬೇಡ ಅಂದವ್ರೆ."

ಇಂಥ ಸುದ್ದಿಗಳು ಪೇಪರಿನಲ್ಲಿ ಹೇಗೆ ಬರುತ್ತವೆ ಅಂತ ಪದ್ಮಲತಾಗೆ ಗೊತ್ತಿತ್ತು. ಒಂದು ಸಣ್ಣ ಫೋಟೋ, ಎರಡು ಜಡೆ, ಕೆಳಗೆ ನಾಲ್ಕು ಸಾಲು. ಮಾರ್ಕು ಕಡಿಮೆ ಬಂತೆಂದು ನೊಂದು, ಅಂತ ಶುರುವಾಗುತ್ತದೆ. ಆ ನಾಲ್ಕು ಸಾಲನ್ನು ಎಷ್ಟೋ ಸಲ ಓದಿ ಪುಟ ತಿರುಗಿಸಿದ್ದಳು.

ಮುರಳೀಕೃಷ್ಣ ತಮ್ಮ ಚೇಂಬರಿನಲ್ಲಿ ಫ್ಯಾನು ಜೋರು ಮಾಡಿಕೊಂಡು ಕೂತಿದ್ದರು. ಅವಳು ಲೆಕ್ಕ ತಪ್ಪಿರುವುದನ್ನು ಹೇಳಿದಾಗ ಕಣ್ಣುಮುಚ್ಚಿ ಕೇಳಿಸಿಕೊಂಡರು.

"ಮೇಡಮ್, ಕೀ ಅಂಟೇ ಕೀ" ಅಂದರು ತೆಲುಗಿನಲ್ಲಿ. ಒಂದು ಸಲ ಉತ್ತರದ ಕೀ ಹೊರಗೆ ಕೊಟ್ಟ ಮೇಲೆ ಅದು ಸರಿಯೇ, ತಿದ್ದುವ ಮಾತಿಲ್ಲ ಅನ್ನುವುದು ಅವರ ಪದ್ಧತಿ. ಆಮೇಲೆ ಕನ್ನಡಕ್ಕೆ ಇಳಿದರು. "ತಪ್ಪು ಪೇಪರು ಕೊಟ್ಟು ಹುಡುಗಿನ ಓಡಿಸಿದ್ರು ಅಂತ ಒಬ್ಬ ಅಪ್ಪ ಬಾಯಿಬಿಟ್ರೆ ಕಾಲೇಜಿಗೆ ಬೀಗ. ನೀವೇ ಹೋಗಿ. ಕನ್ನಡದವರು, ನಿಮ್ಮ ಮಾತು ಕೇಳ್ತಾರೆ. ಮಾರ್ಕು ನೋಡೋಣ ಅನ್ನಿ, ಕರ್ಕೊಂಡು ಬನ್ನಿ. ಆದ್ರೆ ಪ್ರಶ್ನೆ ತಪ್ಪು ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಬಾರದು. ಬಂದ್ರೆ ನೀವು ಇಲ್ಲಿಗೆ ಬರೋದು ಬೇಡ."

ಅವಳು ತಲೆಯಾಡಿಸಿದಳು. ಆಗ ಅವಳಿಗೆ ಬೇಕಾಗಿದ್ದುದು ಒಂದೇ, ಆ ಹುಡುಗಿ ಉಸಿರಾಡುತ್ತಿರಬೇಕು. ಉಳಿದದ್ದು ಏನಾದರೂ ಆಗಲಿ.

ಕಲ್ಯಾಣದುರ್ಗಕ್ಕೆ ಹೋಗಲು ಹತ್ತಿದ ಪಾವಗಡದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಅದೇ ತಪ್ಪಾಯಿತು. ಕಿಟಕಿಯಾಚೆ ಎಲ್ಲಿ ನೋಡಿದರೂ ಬಾವಿ. ತೊಗರಿ ಹೊಲದ ನಡುವೆ ಕಲ್ಲು ಕಟ್ಟಿದ ಹಳೇ ಬಾವಿಗಳು ಇಷ್ಟಿವೆ ಅಂತ ಇಲ್ಲಿಯತನಕ ಅವಳು ಗಮನಿಸಿರಲಿಲ್ಲ. ಒಂದರ ಹತ್ತಿರ ನಾಲ್ಕು ಜನ ಬಗ್ಗಿ ಒಳಗೆ ನೋಡುತ್ತಿದ್ದರು. ಅವಳು ಸೀಟಿನಿಂದ ಅರ್ಧ ಎದ್ದಳು. ಬಸ್ಸು ಹತ್ತಿರ ಹೋದಾಗ ಪಂಪಿನ ಪೈಪು ಎಳೆಯುತ್ತಿದ್ದಾರೆ ಅಂತ ತಿಳಿಯಿತು. ನೆಮ್ಮದಿಯ ಉಸಿರು ಬಿಟ್ಟಳು, ಮರುಗಳಿಗೆಯೇ ಇನ್ನೂ ಕೆಟ್ಟದೊಂದು ಹೊಳೆಯಿತು. ಹುಡುಗಿ ಬಸ್ಸೇ ಹತ್ತಿಲ್ಲದಿದ್ದರೆ? ಹಿಂದೂಪುರದ ರೈಲು ಹಳಿ ಕಾಲೇಜಿನ ಹಿಂದೆಯೇ ಇದೆಯಲ್ಲ? ಇಲ್ಲ, ಊರಿಗೇ ಹೋಗಿರುತ್ತಾಳೆ, ಅಮ್ಮನ ಹತ್ತಿರ. ಊರಿಗೆ ಹೋಗಿದ್ದರೆ ಅಮ್ಮ ಫೋನು ಯಾಕೆ ಎತ್ತುವುದಿಲ್ಲ? ಒಂದು ಸಲ ಧೈರ್ಯ, ಒಂದು ಸಲ ಭಯ, ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದು. ತಾನು ಬೆಳಿಗ್ಗೆ ಬೋರ್ಡಿನಿಂದ ಒರೆಸಿದ ಲೆಕ್ಕವೇ ಈಗ ತಲೆಯೊಳಗೆ ನಡೆಯುತ್ತಿದೆ ಅಂತ ಅವಳಿಗೆ ಗೊತ್ತಾಯಿತು. ಗೊತ್ತಾದರೂ ನಿಲ್ಲಿಸಲು ಬರಲಿಲ್ಲ.

ಪಾವಗಡದಲ್ಲಿ ಕಲ್ಯಾಣದುರ್ಗದ ಬಸ್ಸು ಹತ್ತಿ ಮತ್ತೆ ಫೋನು ಮಾಡಿದಳು. ಈ ಸಲ ಯಾರೋ ಎತ್ತಿದರು. ವಯಸ್ಸಾದ ಹೆಂಗಸಿನ ದನಿ.

"ಅಲೋ, ಯಾರಮ್ಮ?"

"ಕಲ್ಪನಾ ಅವರ ತಾಯಿ ಆದೆಮ್ಮನವರು ಬೇಕಾಗಿತ್ತು."

"ಆದೆಮ್ಮ ಇಲ್ಲ ಕಣಮ್ಮ, ಬೆಳಿಗ್ಗೇನೆ ಆಸ್ಪತ್ರೆಗೆ ಹೋದ್ಲು. ನಾನು ಪಕ್ಕದ ಮನೆ ನಾರಮ್ಮ."

"ಆಸ್ಪತ್ರೆಗಾ?" ಪದ್ಮಲತಾ ಫೋನನ್ನು ಕಿವಿಗೆ ಒತ್ತಿಕೊಂಡಳು. "ಕಲ್ಪನಾ ಎಲ್ಲಮ್ಮ? ಕಲ್ಪನಾಗೆ ಏನಾಯ್ತು?"

"ಅಯ್ಯೋ, ಆ ಉಡುಗೀದೆ ಕಣಮ್ಮ ಗೋಳು..."

ಅಷ್ಟಕ್ಕೆ ಕಟ್ಟಾಯಿತು. ಮತ್ತೆ ಮಾಡಿದರೆ ಸಿಗ್ನಲ್ಲಿಲ್ಲ. ಕಂಬದೂರು ಬರುವ ತನಕ ಫೋನನ್ನು ಕಿಟಕಿಗೆ, ಮೇಲಕ್ಕೆ, ಕೆಳಕ್ಕೆ ಹಿಡಿದದ್ದೇ ಹಿಡಿದದ್ದು. ಪಕ್ಕದಲ್ಲಿ ಕುರಿಮರಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಜ್ಜ, "ಯಾಕಮ್ಮಾ ಅಳ್ತೀಯ, ಯಾರಿಗೇನಾಯ್ತು?" ಅಂತ ಕೇಳಿದಾಗಲೇ ತಾನು ಅಳುತ್ತಿದ್ದೇನೆ ಅಂತ ಅವಳಿಗೆ ತಿಳಿದದ್ದು. ಯಾರಿಗೆ ಅಂತ ಹೇಳುವುದು? ನಾನು ತಲೆ ಎತ್ತಿ ನೋಡದೆ ಕಳಿಸಿದ ಹುಡುಗಿಗೆ ಅಂತಲೇ?

ಕಲ್ಯಾಣದುರ್ಗದಲ್ಲಿ ಇಳಿದವಳೇ ಆಟೋ ಹಿಡಿದು ಸರಕಾರಿ ಆಸ್ಪತ್ರೆಗೆ ಓಡಿದಳು. ಚೀಟಿ ಕೊಡುವ ಕಿಟಕಿಯಲ್ಲಿ ಉಸಿರು ಕಟ್ಟಿಕೊಂಡು ಕೇಳಿದಳು, "ಕಲ್ಪನಾ ಅಂತ ಹುಡುಗಿ, ಹದಿನೇಳು ವರ್ಷ, ಬೆಳಿಗ್ಗೆ ತಂದಿದ್ದಾರಾ?"

ಕಿಟಕಿಯವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ದಿನಾ ಕೇಳುವ ಮಾತನ್ನೇ ಕೇಳಿದ. "ಏನ್ ಕೇಸಮ್ಮ, ಔಷಧಿ ಕುಡಿದಿದ್ದಾ?"

ಪದ್ಮಲತಾ ಕಿಟಕಿಯ ಸರಳು ಹಿಡಿದುಕೊಂಡಳು. "ಗೊತ್ತಿಲ್ಲ," ಅಂದಳು. "ತಾಯಿ ಹೆಸರು ಆದೆಮ್ಮ. ಬೆಳಿಗ್ಗೆ ಇಲ್ಲಿಗೇ ಬಂದವ್ರೆ ಅಂದ್ರು."

"ಆದೆಮ್ಮನಾ? ನಮ್ಮ ಆಯಾ ಆದೆಮ್ಮನಾ?" ಅವನು ನಕ್ಕ. "ಡ್ಯೂಟಿಗೆ ಬರದೆ ಇನ್ನೇನಮ್ಮ? ಮೇಲೆ ವಾರ್ಡಿನಾಗವ್ಳೆ. ಮಗಳು ಮನೇಗವ್ಳಂತೆ, ಅದೇನೋ ಊಟಾನೆ ಮಾಡ್ತಿಲ್ಲ ಅಂತಿದ್ಲು. ಮನೆ ಇಲ್ಲೇ, ಈ ಕಾಂಪೌಂಡಿನ ಹಿಂದಿನ ಸಂದಿ."

ಒಂದೂವರೆ ವರ್ಷ ಪಾಠ ಹೇಳಿದ್ದಾಳೆ. ಹುಡುಗಿಯ ಅಮ್ಮ ಏನು ಕೆಲಸ ಮಾಡುತ್ತಾಳೆ ಅಂತ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಪಾವಗಡದಿಂದ ಇಲ್ಲಿಯ ತನಕ ಸತ್ತು ಸತ್ತು ಬರುವುದು ತಪ್ಪುತ್ತಿತ್ತು. ಅನುಭವಿಸಲಿ ಬಿಡಿ.

ಆದರೆ ಭಯ ಅಲ್ಲಿಗೆ ಮುಗಿಯಲಿಲ್ಲ. ಸಂದಿಯಲ್ಲಿ ಶೀಟಿನ ಮನೆ, ಬಾಗಿಲು ಹಾಕಿತ್ತು, ಕಿಟಕಿಯೂ ಹಾಕಿತ್ತು. ಪಕ್ಕದ ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದ ಮುದುಕಿ ಇವಳನ್ನು ನೋಡಿದ ಕೂಡಲೇ ಎದ್ದಳು.

"ಕಾಲೇಜಿನೋರಾ? ನಾನೇ ನಾರಮ್ಮ. ಫೋನು ಒಡ್ಕೊಂಡಾಗೆಲ್ಲ ಉಡುಗಿ ನಡುಗ್ತದೆ ಅಂತ ಆದೆಮ್ಮ ನನ್ ಕೈಗೆ ಕೊಟ್ಟೋದ್ಲು. ನಿನ್ನೆ ಕತ್ತಲಾಗೋ ಒತ್ತಿಗೆ ಬಂದ್ಬುಟ್ಲು ಕಣಮ್ಮ, ಒಬ್ಬಳೇ. ಆದೆಮ್ಮ ಕೆಲಸಕ್ಕೆ ಓದಾಗಿಂದ ಕದ ಆಕ್ಕೊಂಡವ್ಳೆ. ಒತ್ತಾರೆಯಿಂದ ಕೂಗ್ದಾಗೆಲ್ಲ ಉಂ ಅಂತಿದ್ಲು. ಈಗೊಂದು ಗಳಿಗೆಯಿಂದ ಅದೂ ಇಲ್ಲ."

ಪದ್ಮಲತಾ ಬಾಗಿಲು ತಟ್ಟಿದಳು. "ಕಲ್ಪನಾ." ಸದ್ದಿಲ್ಲ. "ಕಲ್ಪನಾ, ನಾನಮ್ಮ, ಮ್ಯಾಥ್ಸ್ ಮೇಡಮ್." ಒಳಗೆ ಏನೋ ಉರುಳಿದ ಸದ್ದು, ಮತ್ತೆ ಏನಿಲ್ಲ. ಅವಳು ಎರಡೂ ಕೈಯಿಂದ ಬಡಿಯತೊಡಗಿದಳು. ಸಂದಿಯವರೆಲ್ಲ ಹೊರಗೆ ಬಂದರು. ನಾರಮ್ಮ ಹಾರೆ ತರಲು ಕೂಗಿದಳು. ಆ ಹೊತ್ತಿನಲ್ಲಿ ಪದ್ಮಲತಾ ತನ್ನ ಜೀವಮಾನದಲ್ಲಿ ನಂಬದ ದೇವರಿಗೆಲ್ಲ ಹರಕೆ ಹೊತ್ತಳು.

ಚಿಲಕ ತೆಗೆದ ಸದ್ದಾಯಿತು.

ಕಲ್ಪನಾ ನಿಂತಿದ್ದಳು. ಕಣ್ಣು ಬಾತಿತ್ತು, ಕೂದಲು ಕೆದರಿತ್ತು, ಮೊಣಕೈ ತನಕ ಬಿಳೀ ಪುಡಿ. ಕೈಯಲ್ಲಿ ರಂಗೋಲಿ ಬಿಡುವ ಬಳಪದ ತುಂಡು. ಜೀವಂತವಾಗಿ, ಹೆದರಿಕೊಂಡು, ಹೊಸ್ತಿಲಲ್ಲಿ ನಿಂತಿದ್ದಳು. ಪದ್ಮಲತಾ ಅವಳನ್ನು ಬಾಚಿ ಅಪ್ಪಿಕೊಂಡಳು. ಹುಡುಗಿ ಕೊರಡಿನ ಹಾಗೆ ನಿಂತೇ ಇದ್ದಳು.

ಆಮೇಲೆ ಪದ್ಮಲತಾ ನೆಲ ನೋಡಿದಳು. ಗೋಡೆಯಿಂದ ಗೋಡೆಗೆ ಸಿಮೆಂಟಿನ ನೆಲದ ಮೇಲೆಲ್ಲ ಅಂಕಿ. ಒಂದು, ಕಳೆ ಒಂದೂವರೆ, ಕೂಡು ಮೂರು ಚಿಲ್ಲರೆ. ಆ ಮೂಲೆಯಲ್ಲಿ ಸಣ್ಣಗೆ ಶುರುವಾದ ಸಾಲು ಮಂಚದ ಕಾಲಿನ ಹತ್ತಿರ ಸಾವಿರಕ್ಕೆ ಬಂದಿತ್ತು, ಒಲೆಯ ಹತ್ತಿರ ಲಕ್ಷಕ್ಕೆ, ಬಾಗಿಲ ಹತ್ತಿರ ಕೋಟಿಗಳಿಗೆ. ಅಂಕಿಗಳ ಮೇಲೆ ಕಾಲಿಡದೆ ಒಳಗೆ ಹೋಗಲು ಜಾಗವಿರಲಿಲ್ಲ.

"ಎಷ್ಟು ಕೂಡಿದ್ರೂ ಅರ್ಧ ಬತ್ತಿಲ್ಲ ಮೇಡಮ್." ಹುಡುಗಿಯ ದನಿ ಬಾವಿಯೊಳಗಿನಿಂದ ಬಂದಂತಿತ್ತು. "ಇನ್ನೊಂದು ಟರ್ಮ್ ಆಕಿದ್ರೆ ಬತ್ತದೇನೋ, ಇನ್ನೊಂದು ಆಕಿದ್ರೆ ಬತ್ತದೇನೋ ಅಂತ ನೋಡ್ತಾನೆ ಇವ್ನಿ. ದೂರಾನೆ ಹೋಯ್ತೈತೆ. ಎಲ್ರಿಗೂ ಬಂದೈತಲ್ಲ ಮೇಡಮ್? ನನ್ನೊಬ್ಬಳಿಗೆ ಬತ್ತಿಲ್ಲ. ನನ್ ತಲೇನಾಗೆ ಏನೋ ಕೆಟ್ಟೋಗೈತೆ."

ದಾರಿಯುದ್ದಕ್ಕೂ ಪದ್ಮಲತಾ ಹೆದರಿದ್ದು ಹುಡುಗಿ ಏನಾದರೂ ಮಾಡಿಕೊಂಡಿರುತ್ತಾಳೆ ಅಂತ. ಇದು ಬೇರೆ. ಸರಿಯಾದ ಲೆಕ್ಕವನ್ನೇ ಮಾಡುತ್ತಾ ಮಾಡುತ್ತಾ, ಪ್ರತಿ ಸಾಲಿಗೂ ತನ್ನ ಬುದ್ಧಿಯನ್ನು ತಾನೇ ಅನುಮಾನಿಸುತ್ತಾ, ಈ ಮಗು ಬೆಳಗಿನಿಂದ ನೆಲದ ಮೇಲೆ ತೆವಳಿದೆ. ಇಷ್ಟಾದರೂ, ನಾಚಿಕೆಯಿಲ್ಲದ ನಾಲಿಗೆ ಮೊದಲು ಆಡಿದ್ದು ಪ್ರಿನ್ಸಿಪಾಲರ ಮಾತನ್ನೇ.

"ಬಿಡಮ್ಮ, ಆಗಿದ್ದಾಯ್ತು. ಮಾರ್ಕಿಂದು ನಾನು ನೋಡ್ಕೊತೀನಿ. ನಡಿ, ಮುಖ ತೊಳ್ಕೊ, ಹೋಗೋಣ."

"ಮಾರ್ಕು ಬ್ಯಾಡ ಮೇಡಮ್," ಅಂದಳು ಕಲ್ಪನಾ. "ನಂಗೆ ಹುಚ್ಚಾ, ಇಲ್ವಾ, ಅದೊಂದು ಹೇಳಿ ಸಾಕು."

ಪದ್ಮಲತಾ ಅಂಕಿಗಳ ಮೇಲೆಯೇ ಕುಸಿದು ಕೂತಳು. "ಇಲ್ಲಮ್ಮ. ನೀನು ಬರೆದಿದ್ದೇ ಸರಿ. ಎಕ್ಸ್ ಮೂರು, ಒಂದಕ್ಕಿಂತ ದೊಡ್ಡದು. ಆ ಶ್ರೇಣಿಗೆ ಮೊತ್ತಾನೇ ಇಲ್ಲ. ಇನ್ನೂ ನೂರು ವರ್ಷ ಕೂಡಿದ್ರೂ ಅರ್ಧ ಬರಲ್ಲ. ಪ್ರಶ್ನೇನೇ ತಪ್ಪು, ತೆಗೆದವಳು ನಾನು."

ಹುಡುಗಿ ಅವಳ ಮುಖವನ್ನೇ ನೋಡಿದಳು, ನಿಧಾನವಾಗಿ ತಲೆಯಾಡಿಸಿದಳು. "ಸುಮ್ಕೆ ಸಮಾಧಾನಕ್ಕೆ ಹೇಳ್ತೀರ. ನಾನು ಏನೋ ಮಾಡ್ಕೊಂಡ್ಬುಡ್ತೀನಿ ಅಂತ ಭಯ ನಿಮ್ಗೆ. ಅದಕ್ಕೆ."

ಅದು ನಿಜವೂ ಆಗಿತ್ತು. ಅಷ್ಟರಲ್ಲಿ ಆದೆಮ್ಮ ಬಂದಳು. ಆಸ್ಪತ್ರೆಯ ನೀಲಿ ಸೀರೆ, ಗಟ್ಟಿ ಆಳು, ಬಾಗಿಲಲ್ಲಿ ಗುಂಪು ನೋಡಿ ಓಡಿ ಬಂದಿದ್ದಳು. ಮಗಳನ್ನು ತಲೆಯಿಂದ ಕಾಲಿನ ತನಕ ಮುಟ್ಟಿ ನೋಡಿಕೊಂಡಳು. ಮುಷ್ಟಿಯಲ್ಲಿ ಒಂದು ಮಾತ್ರೆಯ ಪಟ್ಟಿ ಇತ್ತು.

"ಡಾಕ್ಟ್ರಮ್ಮನ್ನ ಕೇಳ್ದೆ ಕಣವ್ವ. ಎದ್ರಿಕೊಂಡವ್ಳೆ, ನಿದ್ದೆಯಿಲ್ಲ, ಅನ್ನ ಇಲ್ಲ ಅಂದೆ. ಶಕ್ತಿ ಮಾತ್ರೆ ಕೊಟ್ಟವ್ರೆ. ಎಲ್ಲಾ ಸರಿ ಹೋಯ್ತೈತಂತೆ." ಆಮೇಲೆ ನೆಲದ ಮೇಲೆ ಕೂತ ಹೆಂಗಸಿನ ಕಡೆ ತಿರುಗಿ, "ನೀವು ಯಾರು?" ಅಂದಳು.

ನಾರಮ್ಮ ಹೇಳಿದಳು. ಈ ಮೇಡಮ್ಮೇ ಲೆಕ್ಕ ತಪ್ಪು ಕೊಟ್ಟಿದ್ದಂತೆ, ಉಡುಗಿ ಬರೆದದ್ದೇ ಸರಿಯಂತೆ, ಅಂತ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಷ್ಟನ್ನೂ ಹೇಳಿದಳು. ಆದೆಮ್ಮ ಪದ್ಮಲತಾಳ ಎದುರಿಗೆ ಬಂದು ನಿಂತಳು. ದನಿ ಏರಲಿಲ್ಲ.

"ನಿನ್ನೆ ನನ್ ಮಗ್ಗುಲಾಗೆ ಮಲ್ಕೊಂಡು ನನ್ ಕೂಸು ಕೇಳ್ತು ಮೇಡಮ್ಮನೋರೆ, ಅಮ್ಮಾ ನಂಗೆ ಹುಚ್ಚು ಇಡಿದೈತಾ ಅಂತ. ನಾನು ಓದ್ದೋಳಲ್ಲ. ಇಲ್ಲ ಅಂತ ಯಾವ ಧೈರ್ಯದ ಮೇಲೆ ಏಳ್ಲಿ? ಅಷ್ಟು ದೊಡ್ಡ ಕಾಲೇಜು ತಪ್ಪು ಅಂತ ಅಂದೈತೆ. ನಾನೂ ನನ್ ಮಗಳನ್ನೇ ಅನುಮಾನ ಪಟ್ಟೆ. ನನ್ ಕೈಯಾಗೆ ಅದನ್ನ ಮಾಡ್ಸಿದ್ರಲ್ಲ, ಅದಕ್ಕೆ ಏನು ಏಳ್ತೀರ?"

ಪದ್ಮಲತಾ ಬ್ಯಾಗಿನಿಂದ ಫೋನು ತೆಗೆದಳು. ಸಮಾಧಾನಕ್ಕೆ ಅನ್ನಿಸುವ ಮಾತನ್ನು ಈ ಹುಡುಗಿ ನಂಬುವುದಿಲ್ಲ, ನಂಬಲೂಬಾರದು. ತನಗೆ ಪೆಟ್ಟು ಬೀಳುವ ಕಡೆ ಹೇಳಿದರೆ ಮಾತ್ರ ಅದು ಮಾತು. ಮುರಳೀಕೃಷ್ಣರ ಹೆಸರು ಒತ್ತಿದಳು. ಸ್ಪೀಕರು ಹಾಕಿ ನೆಲದ ಮೇಲಿಟ್ಟಳು.

"ಏಂ ಮೇಡಮ್, ಸಿಕ್ಕಿದ್ಲಾ?"

"ಸಿಕ್ಕಿದಾಳೆ ಸರ್. ಮನೇಲಿದಾಳೆ."

"ಅಮ್ಮಯ್ಯ!" ಆ ಕಡೆಯಿಂದ ದೊಡ್ಡ ಉಸಿರು. "ಸರಿ, ಕರ್ಕೊಂಡು ಹೊರಡಿ. ಅವಳ ಕೈಲಿ ತಪ್ಪಾಯ್ತು ಅಂತ ಎರಡು ಸಾಲು ಬರೆಸ್ಕೊಳ್ಳಿ, ಸಾಕು."

"ಸರ್, ತಪ್ಪು ಅವಳದಲ್ಲ." ಫೋನಿನ ಕಡೆಗೆ ಬಗ್ಗಿದಳು. "ಪ್ರಶ್ನೆ ತಪ್ಪು. ತೆಗೆದವಳು ನಾನು. ಅದಕ್ಕೆ ಉತ್ತರವೇ ಇಲ್ಲ. ಇಡೀ ಸೆಕ್ಷನ್ನಿನಲ್ಲಿ ಸರಿ ಬರೆದವಳು ಕಲ್ಪನಾ ಒಬ್ಬಳೇ. ಇದನ್ನ ನಾನು ನಾಳೆ ಅಸೆಂಬ್ಲಿಯಲ್ಲಿ ಎಲ್ಲಾ ಮಕ್ಕಳೆದುರಿಗೆ ಹೇಳ್ತೀನಿ."

"ಪಕ್ಕದಲ್ಲಿ ಯಾರಿದಾರೆ ಮೇಡಮ್?"

"ಎಲ್ಲರೂ ಇದಾರೆ ಸರ್. ಅವರಮ್ಮ, ಅಕ್ಕಪಕ್ಕದವರು. ಕೇಳಿಸ್ಕೊಂತಿದಾರೆ."

ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ ಮುರಳೀಕೃಷ್ಣ ಹೇಳಿದರು, "ನಾನು ಏನು ಹೇಳಿದ್ದೆ ನೆನಪಿದೆಯಾ? ಯೋಚನೆ ಮಾಡಿ. ಬಿಸಿಲಿಗೆ ತಲೆ ಕೆಟ್ಟಿರುತ್ತೆ. ಕೀ ಸರಿ ಅಂತ ಒಂದು ಮಾತು ಅನ್ನಿ, ನಾನೂ ಮರೆತುಬಿಡ್ತೀನಿ."

ಪದ್ಮಲತಾಗೆ ಆಗ ಆದ ಭಯ ಬಾವಿ ನೋಡಿದಾಗ ಆದದ್ದಲ್ಲ. ಇದು ತಣ್ಣಗೆ, ಕಾಲಿನಿಂದ ಮೇಲಕ್ಕೆ ಹತ್ತುವ ಭಯ. ಎಂಟು ವರ್ಷದ ನೌಕರಿ. ಈ ಊರಿಂದ ಆ ಊರಿಗೆ ಎಲ್ಲ ಕಾಲೇಜಿನವರೂ ಒಬ್ಬರಿಗೊಬ್ಬರು ಫೋನು ಮಾಡಿಕೊಳ್ಳುವವರೇ. ಕಲ್ಪನಾ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು.

"ಕೀ ತಪ್ಪು ಸರ್," ಅಂದಳು.

ಫೋನು ಕಟ್ಟಾಯಿತು. ಪದ್ಮಲತಾ ಫೋನು ಎತ್ತಿಕೊಳ್ಳಲು ಹೋದಳು, ಕೈ ಎಷ್ಟು ನಡುಗುತ್ತಿತ್ತೆಂದರೆ ಅದು ಎರಡು ಸಲ ಜಾರಿ ಅಂಕಿಗಳ ಮೇಲೆ ಬಿತ್ತು. ಎರಡನೇ ಸಲ ಅದನ್ನು ಎತ್ತಿ ಕೊಟ್ಟವಳು ಕಲ್ಪನಾ. ಕೊಟ್ಟವಳು ಆ ಕೈಯನ್ನು ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ಅದರ ನಡುಕವನ್ನು ಬಹಳ ಹೊತ್ತು ನೋಡಿದಳು. ಅಪ್ಪಿಕೊಂಡಾಗ ನಂಬದವಳು, ಬಾಯಿಬಿಟ್ಟು ಹೇಳಿದಾಗ ನಂಬದವಳು, ಈಗ ನಂಬಿದಳು. ನಿನ್ನೆಯಿಂದ ಕಟ್ಟಿಕೊಂಡಿದ್ದ ಅಳು ಆಗ ಬಂತು.

"ನಂಗೇನೂ ಆಗಿಲ್ಲ ಅಮ್ಮ," ಅಂದಳು ಬಿಕ್ಕುತ್ತಾ. "ಮೇಡಮ್ಮನ್ನ ಬೈಬ್ಯಾಡ. ಅವ್ರೂ ಎದ್ರಿಕೊಂಡವ್ರೆ. ನೋಡು ಕೈಯ."

ಆದೆಮ್ಮ ನೋಡಿದಳು. ಸಿಟ್ಟು ಇನ್ನೂ ಮುಖದಲ್ಲೇ ಇತ್ತು, ಅದು ಅಷ್ಟು ಬೇಗ ಹೋಗುವಂಥದಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಮುಷ್ಟಿಯಲ್ಲಿದ್ದ ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು ಪದ್ಮಲತಾಳ ಮುಂದೆ ಹಿಡಿದಳು.

"ತಗಳ್ರಿ. ಎದ್ರಿಕೆಗೇ ಅಂತ ಕೊಟ್ಟವ್ರೆ. ನನ್ ಮಗಳಿಗಿನ್ನ ಬ್ಯಾಡ."

ಪದ್ಮಲತಾ ಎರಡೂ ಕೈ ಚಾಚಿ ತೆಗೆದುಕೊಂಡು, ನುಂಗಿ, ನೀರು ಕುಡಿದಳು.